ಬೆಳೆಯುವ ಹುಡುಗಿಗೊಂದು ಹಾಕಿ ಸ್ಟಿಕ್

ಮಿತ್ರರೇ, ಇಂದು ಸುಲ್ತಾನ್ ಬಜಾರಿನಲ್ಲಿ ಹಾಕಿಯ ಸೇವೆಗೆ ನನ್ನ ಮಾನ ಅರ್ಪಣೆಯಾಯಿತು.

ನಾಳೆ ತಂಗಿ ಪಲ್ಲವಿ ಶಾಲಾ ತಂಡದ ಆಯ್ಕೆಗೆ ಆಡಬೇಕು. ಅವ್ವ ಆರಿಸಿದ ಸ್ಟಿಕ್ ಅವಳ ಎದೆಯವರೆಗಿತ್ತು. ಸೊಂಟದ ಮಟ್ಟ ಸಾಕೆಂದು ಅಂಗಡಿಯವನು ಕೈಮುಗಿದ.

“ಬೆಳಿಯೋ ಹುಡುಗಿ ಐತ್ರಿ. ಮುಂದಿನ ವರ್ಷ ಸರಿ ಆಗತೈತಿ” ಎಂದಳು ಅವ್ವ.

“ಅಲ್ಲೀತನಕ ಕೆಳಗ ಮಡಚಿ ಹೊಲಿಸೋಣೇನವ್ವಾ?” ಎಂದು ನಾನು ಗಂಭೀರವಾಗಿ ಕೇಳಿದೆ.

ಅಳುವಂತಾಗಿದ್ದ ಪಲ್ಲವಿ ಥಟ್ಟನೆ ನನ್ನತ್ತ ಬೆರಳು ತೋರಿಸಿದಳು. “ಅಣ್ಣನೂ ಬೆಳಿತಾನಂತ ಒಂಬತ್ತನೇ ಕ್ಲಾಸಿನ್ಯಾಗ ಈ ಅಂಗಿ ತಂದಿದ್ದಿ. ಕಾಲೇಜಿಗೆ ಬಂದ್ರೂ ಅದರಾಗ ಮುಳುಗ್ಯಾನ ನೋಡು!”

ಅವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೆಚ್ಚು ಹೊತ್ತು ಹಿಡಿಯಲಿಲ್ಲ.

“ಸಣ್ಣದೇ ಕೊಡ್ರಿ” ಎಂದಳು.

ಪಲ್ಲವಿ ಆಯ್ಕೆಯಾದರೆ ನನಗೂ ಹಾರ ಹಾಕಬೇಕು. ಯಾರೂ ಸ್ಟೂಲ್ ಹತ್ತಬೇಕಿಲ್ಲ.