ಗೌರಾದೇವಿಯ ಮೂಗು

ಅಮೆರಿಕದ ಸಮಾಮಿಶ್‌ನ ಆ ಬೀದಿಯಲ್ಲಿ ಎಲ್ಲರ ಕಾರೂ ಗ್ಯಾರೇಜಿನೊಳಗೆ. ಗೌರಾದೇವಿಯ ಕಾರು ಮಾತ್ರ ಒಂಬತ್ತು ವರ್ಷದಿಂದ ಮಳೆಯಲ್ಲಿ. ಗ್ಯಾರೇಜಿನೊಳಗೆ ವೈನಿನ ಪೀಪಾಯಿ. ಅದಾದರೂ ಯಾರದು? ದಿನಾ ಇಷ್ಟಲಿಂಗ ಪೂಜೆ ಮಾಡುವ, ಒಂದು ಹನಿ ಹೆಂಡ ಮುಟ್ಟದ ಗಂಡ ವೀರಣ್ಣನದು!

ಈ ಹುಚ್ಚು ಹಿಡಿಸಿದವನು ಪಕ್ಕದ ಮನೆಯ ಮುದುಕ ಕಲೋಜೆರೊ. ಇಟಲಿಯ ಸಿಸಿಲಿಗಿಂತಲೂ ದಕ್ಷಿಣಕ್ಕಿರುವ ಪ್ಯಾಂಟೆಲೇರಿಯ ದ್ವೀಪದವನು. ಅಲ್ಲಿ ದ್ರಾಕ್ಷಿಯನ್ನು ಕಡಲದಂಡೆಯ ಬಿಸಿಲಿಗೆ ಒಣಗಿಸಿ ವೈನು ಮಾಡುತ್ತಾರಂತೆ. ವಿಜಯಪುರದ ಕಡೆ ಒಣದ್ರಾಕ್ಷಿ ಮಾಡುತ್ತ ಬೆಳೆದ ವೀರಣ್ಣನಿಗೆ ಅಷ್ಟು ಕೇಳಿದ್ದೇ ಸಾಕಾಯಿತು. ಇಲ್ಲಿ ಬಿಸಿಲೆಲ್ಲಿದೆ? ಗೌರಾದೇವಿಯ ಸಂಡಿಗೆ ಹಾಳೆ, ಅವಳ ಓವನ್ನು, ಅವಳ ಡೈನಿಂಗ್ ಟೇಬಲ್ಲು, ಎಲ್ಲವೂ ದ್ರಾಕ್ಷಿಯ ಪಾಲಾದವು.

“ನೀವು ಕುಡಿಯೂದಿಲ್ಲ, ಮಾರೂದಿಲ್ಲ. ಮತ್ಯಾಕ್ರೀ ಈ ಉಸಾಬರಿ?”

“ನಾ ಮಾಡ್ತೀನಿ, ಅಜ್ಜ ರುಚಿ ನೋಡ್ತಾನ. ನಿನಗೇನ ತ್ರಾಸು?”

ಈ ವರ್ಷ ಅದೂ ತಪ್ಪಿತು. ಚಳಿಗಾಲದ ಜ್ವರದಲ್ಲಿ ಅಜ್ಜನ ಮೂಗು, ನಾಲಿಗೆ ಎರಡೂ ಕೈಕೊಟ್ಟವು. ಜೂನಿನಲ್ಲಿ ಮೊಮ್ಮಗಳ ಮದುವೆಗೆ ಇದೇ ಪೀಪಾಯಿಯ ವೈನು ಬೇಕೆಂದು ಅವನ ಹಟ ಬೇರೆ. ವೀರಣ್ಣ ದಿನಕ್ಕೆರಡು ಸಲ ಅದರೊಳಗೆ ಎಂಥದೋ ಮಾಪಕ ಅದ್ದಿ ನೋಡುತ್ತಿದ್ದ. ಹೆಂಡತಿಯನ್ನು ಕೇಳಲಿಲ್ಲ.

ಕೇಳಬೇಕಿತ್ತು. ಗೌರಾದೇವಿಯ ತವರಿನಲ್ಲಿ ಜಂಗಮರ ಊಟವಾಗುವ ತನಕ ಅಡುಗೆಯ ರುಚಿ ನೋಡುವಂತಿರಲಿಲ್ಲ. ಉಪ್ಪು, ಹುಳಿ ಎಲ್ಲವನ್ನೂ ಮೂಗಿನಿಂದಲೇ ಹೇಳುವುದು ಅವಳಿಗೆ ಚಿಕ್ಕಂದಿನ ರೂಢಿ. ಮಾರ್ಚಿನ ಒಂದು ಗುರುವಾರ ಅಕ್ಕಿ ತರಲು ಗ್ಯಾರೇಜಿಗೆ ಹೋದಾಗ ಪೀಪಾಯಿಯಿಂದ ಸಣ್ಣಗೆ ವಿನೆಗರ್ ವಾಸನೆ ಬಂತು. ವಾಸನೆ ಹೊಡೆದ ದಿನವೇ ಹಿಡಿದರೆ ಉಳಿಸಬಹುದು ಎಂದು ಅಜ್ಜ ಹಿಂದೊಮ್ಮೆ ಹೇಳಿದ್ದೂ ಅವಳಿಗೆ ನೆನಪಾಯಿತು. ಹಾಳಾಗಿ ಹೋಗಲಿ, ಗ್ಯಾರೇಜಾದರೂ ಖಾಲಿಯಾಗುತ್ತದೆ ಎಂದುಕೊಂಡು ಬಾಗಿಲು ಎಳೆದುಕೊಂಡು ಬಂದಳು.

ಮೂರು ವಾರದ ಮೇಲೆ ಅಜ್ಜ ಬಂದ. ಅವಳ ಮೂಗಿನ ವಿಷಯ ವೀರಣ್ಣನೇ ಹೇಳಿದ್ದನೋ ಏನೋ, ಪೀಪಾಯಿಯಿಂದ ಗ್ಲಾಸು ತುಂಬಿಸಿ ಸೀದಾ ಅವಳ ಮುಂದೆ ಹಿಡಿದ. ಕುಡಿಯಬೇಡ, ಮೂಸಿ ಹೇಳು ಎಂದು ಇಂಗ್ಲಿಷಿನಲ್ಲಿ ಕೇಳಿಕೊಂಡ. ಮೂಸುವ ಅಗತ್ಯವೇ ಇರಲಿಲ್ಲ. ಇಷ್ಟು ವರ್ಷ ಗಂಡನ ಮೇಲಿದ್ದ ಸಿಟ್ಟೆಲ್ಲ ಒಮ್ಮೆಲೇ ಅವಳ ಮೇಲೇ ತಿರುಗಿತು.

“ಕೆಟ್ಟೈತ್ರಿ ಅಜ್ಜಾರ,” ಎಂದಳು. “ವಾಸನಿ ಹೊಡದ ದಿನಾನ ನನಗ ಗೊತ್ತಾಗಿತ್ತು.”

ಮೊದಲನೆಯ ಮಾತನ್ನು ಪಕ್ಕದಲ್ಲೇ ಇದ್ದ ವೀರಣ್ಣ ಇಂಗ್ಲಿಷಿನಲ್ಲಿ ಅಜ್ಜನಿಗೆ ಹೇಳಿದ. ಎರಡನೆಯದನ್ನು ಹೇಳದೆ ಹೆಂಡತಿಯ ಮುಖವನ್ನೇ ನೋಡುತ್ತ ನಿಂತ.