ತುಳಸಿಯ ಜೊತೆ ಆಡಿದ ಮಾತು

ಮಗಳಿಗೆ ಮೂರು ವರ್ಷ ತುಂಬುತ್ತ ಬಂದರೂ ಒಂದು ಮಾತೂ ಬಂದಿರಲಿಲ್ಲ. ಬೇಕಾದ್ದಕ್ಕೆ ಬೆರಳು ತೋರಿಸುವಳು, ಬೇಡವಾದ್ದಕ್ಕೆ ಮುಖ ತಿರುಗಿಸುವಳು, ಅಷ್ಟೇ. ಮುಲುಂಡಿನ ನಮ್ಮ ಬಿಲ್ಡಿಂಗ್‌ನಲ್ಲಿ ಅವಳ ಓರಗೆಯ ಮಕ್ಕಳು ಹಿಂದಿ, ಮರಾಠಿ ಎರಡನ್ನೂ ಅರಳು ಹುರಿದಂತೆ ಆಡುತ್ತಿದ್ದರು. ಲಿಫ್ಟಿನಲ್ಲಿ ಅವರು ಸಿಕ್ಕರೆ ನಾನು ಗೋಡೆ ನೋಡುತ್ತ ನಿಲ್ಲುತ್ತಿದ್ದೆ.

ವಿಜಯಪುರದ ಕಡೆಯಿಂದ ಬಂದ ನನ್ನ ಅತ್ತೆಗೆ ಇದೇನೂ ದೊಡ್ಡ ವಿಷಯವಲ್ಲ. ಊರಿಂದ ತಂದ ಬಜೆ ಬೇರನ್ನು ಕಲ್ಲಿನ ಮೇಲೆ ತೇಯ್ದು, ಜೇನು ಬೆರೆಸಿ, ಮೊಮ್ಮಗಳ ನಾಲಿಗೆಗೆ ಸವರುತ್ತಿದ್ದರು. ಮಾತು ಬರುವುದೇ ಹಾಗೆ ಎಂದು ಅವರ ನಂಬಿಕೆ. ಓದಿದವಳು ನಾನು, ನಂಬಲಿಲ್ಲ. ಪ್ಲೇಸ್ಕೂಲಿನ ಟೀಚರ್ ಹೇಳಿದ್ದನ್ನು ಮಾತ್ರ ವೇದವಾಕ್ಯವೆಂದುಕೊಂಡೆ. ಮನೆಯಲ್ಲಿ ಭಾಷೆ ಜಾಸ್ತಿಯಾಗಿ ಮಗು ಗೊಂದಲಗೊಂಡಿದೆ, ಇಂಗ್ಲಿಷ್ ಒಂದನ್ನೇ ಆಡಿ ಎಂದಿದ್ದರು ಆಕೆ.

ನಾನೂ ಗಂಡನೂ ಹೇಗೋ ಹೊಂದಿಕೊಂಡೆವು. ಅತ್ತೆಗೆ ಕನ್ನಡ ಬಿಟ್ಟರೆ ಬೇರೆ ಗೊತ್ತಿಲ್ಲ. ಹಾಗಾಗಿ ಮಗುವಿನ ಜೊತೆ ಮಾತೇ ಆಡಬೇಡಿ ಎಂದುಬಿಟ್ಟೆ. ನಾವು ಆಫೀಸಿಗೆ ಹೋದರೆ ಹಗಲೆಲ್ಲ ಅವಳನ್ನು ನೋಡಿಕೊಳ್ಳುತ್ತಿದ್ದವರು ಅವರೇ. ಅವರಿಗೆ ಹಾಗೆನ್ನಲು ನನಗೆ ಬಾಯಾದರೂ ಹೇಗೆ ಬಂತೋ!

"ಆತವ್ವಾ, ಕೂಸಿಗೆ ಛಲೋ ಆದ್ರ ಸಾಕು," ಎಂದು ಅವರು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು. ಮಾತಿಗೆ ತಪ್ಪುವ ಹೆಂಗಸಲ್ಲ. ಸನ್ನೆಯಲ್ಲೇ ಉಣಿಸಿದರು, ಸನ್ನೆಯಲ್ಲೇ ಮಲಗಿಸಿದರು. ಮನೆ ಬಿಕೋ ಎನ್ನುತ್ತಿತ್ತು.

ಎರಡು ತಿಂಗಳಾಗಿರಬೇಕು. ಒಂದು ದಿನ ತಲೆನೋವೆಂದು ಮಧ್ಯಾಹ್ನವೇ ಮನೆಗೆ ಬಂದೆ. ನನ್ನ ಕೀಲಿಯಿಂದ ಬಾಗಿಲು ತೆಗೆದರೆ ಒಳಗಿಂದ ಅತ್ತೆಯ ದನಿ. ಮೈಯೆಲ್ಲ ಉರಿಯಿತು. ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದೆ. ಅತ್ತೆ ನನಗೆ ಬೆನ್ನು ಮಾಡಿ, ಕಿಟಕಿಯ ಗ್ರಿಲ್ಲಿನಲ್ಲಿಟ್ಟ ತುಳಸಿ ಕುಂಡದ ಮುಂದೆ ಕೂತಿದ್ದರು. ಊರಿನ ಎಮ್ಮೆ ಕರು ಹಾಕಿದ ಸುದ್ದಿಯನ್ನು ಗಿಡಕ್ಕೆ ಹೇಳುತ್ತಿದ್ದರು. ಮಗಳು ಅವರ ತೊಡೆಗೆ ಒರಗಿ ಗಿಡವನ್ನೇ ನೋಡುತ್ತಿದ್ದಳು.

"ನೀರಡಿಕಿ ಆಗೇತೇನ ನಮ್ಮವ್ವಗ?" ಎಂದು ಅತ್ತೆ ತುಳಸಿಯನ್ನು ಕೇಳಿದರು.

"ಹೂಂ ಆಯಿ, ನೀರ ಹಾಕ," ಎಂದಳು ಮಗಳು ಅಜ್ಜಿಗೆ, ತುಳಸಿಯ ಪರವಾಗಿ.

ಅತ್ತೆ ತಿರುಗಿ ನನ್ನನ್ನು ಕಂಡು ತಡಬಡಿಸಿ ಎದ್ದರು. "ಕೂಸಿನ ಕೂಡ ಆಡಿಲ್ಲವ್ವಾ, ತುಳಸಿ ಕೂಡ ಆಡೀನಿ," ಎಂದರು. ತಪ್ಪು ಮಾಡಿದವಳು ನಾನು, ಹೆದರಿದವರು ಅವರು. ಆ ಮುಖ ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಅವರ ಕೈ ಹಿಡಿದು ಅಲ್ಲೇ ಕೂತು ಅತ್ತುಬಿಟ್ಟೆ.

ಬಜೆಯ ಗುಣವೋ, ವಯಸ್ಸಿನದೋ, ತುಳಸಿಯದೋ, ನನಗೆ ಗೊತ್ತಿಲ್ಲ. ಅಂದಿನಿಂದ ಆಯಿ, ಮೊಮ್ಮಗಳು ಸೇರಿದರೆ ನಮಗೆ ಟೀವಿ ಕೇಳಿಸುತ್ತಿರಲಿಲ್ಲ.

ಅತ್ತೆ ತೀರಿಕೊಂಡು ಆರು ವರ್ಷವಾಯಿತು. ಮಗಳೀಗ ಕಾಲೇಜಿಗೆ ಹೋಗುತ್ತಾಳೆ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರ; ನೆಂಟರ ಮುಂದೆ ಕನ್ನಡ ಆಡು ಎಂದರೆ ತಡವರಿಸುತ್ತಾಳೆ. ಆದರೆ ಬೆಳಿಗ್ಗೆ ಲೋಕಲ್ ರೈಲು ಹಿಡಿಯುವ ಗಡಿಬಿಡಿಯಲ್ಲೂ ತುಳಸಿಗೆ ಒಂದು ಚೊಂಬು ನೀರು ಹಾಕದೆ ಹೊರಡುವುದಿಲ್ಲ. ಆಗ ಗಿಡವನ್ನು ಕೇಳುತ್ತಾಳೆ, ಅತ್ತೆಯದೇ ಧಾಟಿಯಲ್ಲಿ, ಒಂದಿಷ್ಟೂ ತಡವರಿಸದೆ: "ನೀರಡಿಕಿ ಆಗೇತೇನ ನಮ್ಮವ್ವಗ?"

ಅಡುಗೆಮನೆಯಿಂದ ನಾನು, ಅವಳಿಗೆ ಕೇಳದ ಹಾಗೆ, ಹೂಂ ಎನ್ನುತ್ತೇನೆ.