ಎಂಟರ ದರಕ್ಕೆ ಒಡ್ಡಿದ ಎತ್ತು

ನಿಪ್ಪಾಣಿಯಿಂದ ಬಂದ ಒಬ್ಬ ಮನುಷ್ಯ ನಮ್ಮ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿದ. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಪರಗಂಡಸರ ಮುಂದೆ ಬಂದು ಮಾತಾಡುವ ರೂಢಿ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೆ ಮಾರದ ಎತ್ತಿನ ಹಲ್ಲನ್ನು ಯಾರೂ ನೋಡುವುದಿಲ್ಲ ಎಂಬಷ್ಟು ತಿಳಿವಳಿಕೆ ನನಗಿತ್ತು.

ಆಗ ಕಬ್ಬೂರಿನ ಮನೆಯಲ್ಲಿ ಇದ್ದದ್ದು ನಾನು ಮತ್ತು ನನ್ನ ಮಗ, ಅಂದರೆ ನಿಮ್ಮ ಅಪ್ಪ, ಇಬ್ಬರೇ. ನಿಮ್ಮ ತಾಯಿ ನಿಮ್ಮನ್ನು ಕರೆದುಕೊಂಡು ಅಥಣಿಯ ತವರಿಗೆ ಹೋಗಿದ್ದಳು. ಊರಿನ ಹರೆಯದವರ ಕೈಗೆಲ್ಲ ದೊಡ್ಡ ಫೋನು ಬಂದ ವರ್ಷಗಳು ಅವು. ಆ ಎತ್ತು ನಿಮ್ಮ ಅಜ್ಜ ತೀರಿಕೊಂಡ ವರ್ಷ ಹುಟ್ಟಿದ ಕರು. ಅವರು ಅದರ ಬೆನ್ನ ಮೇಲೆ ಕೈಯಾಡಿಸಿದ್ದು ಒಂದೇ ತಿಂಗಳು. ಅದು ಹೋದರೆ ಜೋಡಿ ಒಡೆದು, ಉಳಿದ ಎತ್ತೂ ಕೆಲಸಕ್ಕೆ ಬಾರದಾಗುತ್ತಿತ್ತು.

“ಯಾರಲೇ ಅಂವಾ?” ಎಂದು ಬಂದವನು ಹೋದ ಮೇಲೆ ನಿಮ್ಮ ಅಪ್ಪನನ್ನು ಕೇಳಿದೆ.

“ಸುಮ್ನ ನೋಡಾಕ ಬಂದಿದ್ದ ಬೇ.”

“ಸುಮ್ನ ನೋಡಾಕ ಅದೇನು ಹೆಣ್ಣೇನು?”

ಅವನು ನಗಲಿಲ್ಲ. ಪಡಸಾಲೆಯಲ್ಲಿ ಕುಳಿತು ಫೋನು ತೆರೆದ. ಮಧ್ಯಾಹ್ನದ ಕ್ರಿಕೆಟ್ ಪಂದ್ಯ ಶುರುವಾಗಿ ತಾಸಿನ ಮೇಲಾಗಿತ್ತು. ಸಂಜೆ ನೆನೆಹಾಕಬೇಕಾದ ಹುರುಳಿಯನ್ನು ಮೊರದಲ್ಲಿ ಹಾಕಿಕೊಂಡು ನಾನೂ ಅಲ್ಲೇ ಕುಳಿತೆ. ಕಲ್ಲು ಆರಿಸುತ್ತ ಒಂದೊಂದೇ ಮಾತು ಕೇಳಿದೆ, ಅವನು ಒಂದೊಂದೇ ಹೇಳಿದ. ಬಂದವನು ಬಾಜಿ ಆಡಿಸುವ ಏಜೆಂಟ. ಫೋನಿನಲ್ಲಿ ಆಡಲು ನಿಮ್ಮ ಅಪ್ಪನಿಗೆ ನಲವತ್ತು ಸಾವಿರದ ಸಾಲದ ಮಿತಿ ಕೊಟ್ಟಿದ್ದ. ಅದಕ್ಕೆ ಆಧಾರ ಎತ್ತು.

“ಆ ಏಜೆಂಟನ ಕೂಡ ಬಾಜಿ ಕಟ್ಟೀಯೇನು?”

“ಇಲ್ಲ ಬೇ. ಅಂವಾ ಬರೀ ದಲ್ಲಾಳಿ. ಇಲ್ಲಿ ಒಬ್ಬ ಈ ತಂಡ ಗೆಲ್ಲತೈತಿ ಅಂತ ರೊಕ್ಕ ಹಚ್ಚತಾನ, ಇನ್ನೊಬ್ಬ ಗೆಲ್ಲಂಗಿಲ್ಲ ಅಂತ ಅದನ್ನ ತಿಂತಾನ, ಅಂದ್ರ ಅವನ ಎದುರು ನಿಂದರತಾನ. ಯಾರ್ ಗೆದ್ರೂ ಅವರ ಗೆಲುವಿನಾಗ ಸ್ವಲ್ಪ ಕಮಿಷನ್ ಮುರಕೊಂತಾರ.”

ಇದು ನನಗೆ ತಿಳಿಯಿತು. ಚಿಕ್ಕೋಡಿಯ ದನದ ಸಂತೆಯ ದಲ್ಲಾಳಿಗೂ ತನ್ನದೆಂದು ಒಂದು ಕರುವೂ ಇರುವುದಿಲ್ಲ.

“ನೀ ಏನ ಮಾಡೀದಿ?”

“ಎರಡರಾಗ ಒಂದು ತಂಡ ಭಾಳ ಸಪ್ಪಗೈತಿ. ಅದು ಗೆಲ್ಲಂಗಿಲ್ಲ ಅಂತ ಐದು ಸಾವಿರ ತಿಂದೀನಿ, ಎಂಟರ ದರಕ್ಕ. ಬಂದ್ರ ಐದು, ಹೋದ್ರ ಐದು.”

“ಎಂಟು ಅಂದ್ರ?”

“ನಿನಗ ತಿಳಿಯಂಗಿಲ್ಲ ಬಿಡು.”

“ಸಾಲ್ಯಾಗ ಏಳನೇತ್ತೆ ಪಾಸಾಗೀನಿ, ಹೇಳು.”

“ಆ ತಂಡದ ಮ್ಯಾಲೆ ನೂರು ಹಚ್ಚಿದಂವಗ, ಅದು ಗೆದ್ರ ಎಂಟುನೂರು ಬರತೈತಿ. ಅವನ ನೂರೂ ಅದರಾಗ ಬಂತು.”

“ಅಂದ್ರ ಮ್ಯಾಲಿನ ಏಳುನೂರು ಯಾರ್ ಕೊಡತಾರ?”

“ಎದುರಿನಂವ.”

“ಎದುರಿನಂವ ಯಾರು?”

ಫೋನಿನಲ್ಲಿ ಜನ ಕೂಗುತ್ತಿದ್ದರು. ಸಪ್ಪಗಿನ ತಂಡ ಬ್ಯಾಟಿಂಗಿಗೆ ಇಳಿದು ಚೆನ್ನಾಗಿ ಹೊಡೆಯುತ್ತಿತ್ತು.

“ಎದುರಿನಂವ ನೀನ ಅಲ್ಲೇನು?” ಎಂದೆ. “ನೂರಕ್ಕ ಏಳುನೂರಾದ್ರ ಐದು ಸಾವಿರಕ್ಕ ಎಷ್ಟಾತು?”

ಅವನು ಫೋನು ನನ್ನ ಕಡೆ ತಿರುಗಿಸಿದ. ಮೂವತ್ತೈದು ಸಾವಿರ ಎಂದು ಕೆಂಪಗೆ ಕಾಣುತ್ತಿತ್ತು. “ಇದು ಆಧಾರಕ್ಕ ಹಿಡದದ್ದು. ಅಪ್ಪನ ಟವೆಲ್ ಇದ್ದಂಗ. ಆಟ ಮುಗದ ಮ್ಯಾಲೆ ಬಿಡತಾರ.”

ನಿಮಗೆ ಆ ಟವೆಲ್ಲಿನ ವಿಷಯ ಗೊತ್ತಿಲ್ಲ. ರಾಯಬಾಗ, ಕಾಗವಾಡ ಕಡೆ ಎತ್ತಿನ ಗಾಡಿಯ ಓಟದ ಶರ್ಯತ್ತು ನಡೆದರೆ, ಪಂಥ ಕಟ್ಟಿದ ಇಬ್ಬರೂ ನಡುವಿನ ಒಬ್ಬನ ಕೈಗೆ ಹಣ ಕೊಡುತ್ತಿದ್ದರು. ನಿಮ್ಮ ಅಜ್ಜ ಎಂದೂ ಪಂಥ ಕಟ್ಟಿದವರಲ್ಲ. ಅದಕ್ಕೇ ಆ ನಡುವಿನ ಮನುಷ್ಯ ಹೆಚ್ಚಾಗಿ ಅವರೇ ಆಗುತ್ತಿದ್ದರು. ಹಣವನ್ನು ಟವೆಲ್ಲಿನಲ್ಲಿ ಗಂಟು ಹಾಕಿ ಹೆಗಲಿಗೆ ಹಾಕಿಕೊಂಡು, ಗಾಡಿ ಬಂದ ಮೇಲೆ ಬಿಚ್ಚುತ್ತಿದ್ದರು. ಚಿಕ್ಕವನಾಗಿದ್ದಾಗ ನಿಮ್ಮ ಅಪ್ಪ ಆ ಟವೆಲ್ಲಿನ ಪಕ್ಕದಲ್ಲೇ ನಿಂತು ಬೆಳೆದವನು. ಬಾಜಿ ಎಂದರೆ ಅವನಿಗೆ ಅದೇ.

“ನಿಮ್ಮಪ್ಪನ ಟವೆಲ್ಲಿನಾಗ ಎರಡೂ ಕಡೆದು ಸಮ ಇರತಿತ್ತೋ,” ಎಂದೆ. “ಐದಕ್ಕ ಮೂವತ್ತೈದು ಯಾವ ಟವೆಲ್ಲಿನಾಗ ಕಟ್ಟಿದ್ರು?”

ಅವನ ಮುಖದ ಬಣ್ಣ ಇಳಿಯಿತು. ಆ ಸಪ್ಪಗಿನ ತಂಡದ ದರ ಈಗ ಎಷ್ಟು ಎಂದು ಕೇಳಿದೆ. ನಾಲ್ಕಕ್ಕೆ ಇಳಿದಿದೆ ಎಂದ. ದರ ಇಳಿದಷ್ಟೂ ಅದರ ಗೆಲುವು ಹತ್ತಿರ ಎಂದರ್ಥವಂತೆ.

“ಅದ ತಂಡದ ಮ್ಯಾಲೆ ಈಗ ನೀ ಹಚ್ಚಾಕ ಬರತೈತೇನು?”

“ಬರತೈತಿ, ಅದ ತಂಡ ಆದ್ರ ಹಿಡದ ರೊಕ್ಕದಾಗನ ಹೊಂದಿಸಿಕೊಂತಾರ. ಯಾಕ?”

ಒಂದು ಕಾಳಿಗೆ ಒಂದು ಸಾವಿರ ಎಂದುಕೊಂಡು ಮೂವತ್ತೈದು ಹುರುಳಿ ಕಾಳು ನೆಲದ ಮೇಲೆ ಇಟ್ಟೆ. ನಾಲ್ಕರ ದರಕ್ಕೆ ಐದು ಹಚ್ಚಿ ತಂಡ ಗೆದ್ದರೆ ಮೇಲೆ ಹದಿನೈದು ಬರುತ್ತದೆ. ಹದಿನೈದು ತೆಗೆದೆ, ಇಪ್ಪತ್ತು ಉಳಿದವು. ಸಾಲದು. ಹತ್ತು ಹಚ್ಚಿದರೆ ಮೂವತ್ತು. ತೆಗೆದೆ, ಐದು ಉಳಿದವು. ತಂಡ ಸೋತರೆ? ಹಚ್ಚಿದ ಹತ್ತು ಹೋಗುತ್ತದೆ, ಮೊದಲಿನ ಬಾಜಿಯ ಐದು ಬರುತ್ತದೆ. ಆಗಲೂ ಐದೇ ನಷ್ಟ.

“ಹೆಂಗಾದ್ರೂ ಐದು ಹೋಗತೈತಿ, ಎತ್ತು ಉಳಿತೈತಿ. ಹತ್ತು ಸಾವಿರ ಹಚ್ಚು.”

“ಒಂದು ವಿಕೆಟ್ ಬೀಳಲಿ, ತಡಿ.”

ವಿಕೆಟ್ ಬೀಳಲಿಲ್ಲ. ಎರಡು ಸಿಕ್ಸರ್ ಹೋದವು. ದರ ಎರಡಕ್ಕೆ ಇಳಿಯಿತು. ಕಾಳು ಮತ್ತೆ ಸರಿಸಿದೆ. ಈಗ ಇಪ್ಪತ್ತು ಹಚ್ಚಬೇಕು, ಹೇಗಾದರೂ ಹದಿನೈದು ಹೋಗುತ್ತದೆ. ಅವನು ಕಾಳುಗಳನ್ನೇ ನೋಡುತ್ತಿದ್ದ, ಬೆರಳು ಮಾತ್ರ ಫೋನಿನ ಹತ್ತಿರ ಹೋಗಲಿಲ್ಲ.

ಅಷ್ಟರಲ್ಲಿ ಒಂದು ವಿಕೆಟ್ ಬಿತ್ತು, ಬೆನ್ನಿಗೇ ಇನ್ನೊಂದು. ದರ ಏರಿ ಮತ್ತೆ ನಾಲ್ಕಕ್ಕೆ ಬಂದು ನಿಂತಿತು.

“ನೋಡಿದ್ಯಾ?” ಎಂದು ನಕ್ಕ. “ಇನ್ನೂ ಏರತೈತಿ. ನೀ ಸುಮ್ಮಕ ಹೆದರಸ್ತಿ.”

ನಾನು ಎದ್ದು ಕೊಟ್ಟಿಗೆಗೆ ಹೋದೆ. ಎತ್ತಿನ ಹಗ್ಗ ಬಿಚ್ಚಿ ಅದನ್ನು ಹೊಸ್ತಿಲ ತನಕ ಹೊಡೆದುಕೊಂಡು ಬಂದೆ. ಹಗ್ಗದ ತುದಿಯನ್ನು ಅವನ ತೊಡೆಯ ಮೇಲೆ ಹಾಕಿದೆ.

“ಹಿಡಿ. ಈಗ ನಿಪ್ಪಾಣಿಗೆ ನೀನ ಹೊಡಕೊಂಡು ಹೋಗು. ಅಂವಾ ಬಂದು ಬಿಚ್ಚಿಕೊಂಡು ಹೋಗೂದನ್ನ ನಾ ನೋಡಂಗಿಲ್ಲ.”

ಎತ್ತು ಒಳಗೆ ಮುಖ ಚಾಚಿ ಮೊರ ಮೂಸಿತು. ಅವನು ಹಗ್ಗ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಫೋನು ಒತ್ತಿದ. ಹತ್ತು ಸಾವಿರ, ನಾಲ್ಕರ ದರ. ಆಮೇಲೆ ಫೋನನ್ನು ಮಗುಚಿ ಇಟ್ಟ.

ಆ ತಂಡ ಸೋತಿತು. ಸುಮ್ಮನಿದ್ದಿದ್ದರೆ ಅವನಿಗೆ ಐದು ಸಾವಿರ ಬರುತ್ತಿತ್ತು.

“ನಿನ್ನ ಮಾತ ಕೇಳಿ ಬರೂ ಐದೂ ಹೋತು, ಇದ್ದ ಐದೂ ಹೋತು,” ಎಂದ.

“ಹೌದಪಾ,” ಎಂದೆ. ಆಟ ಅವನು ಹೇಳಿದಂತೆಯೇ ಮುಗಿದಿತ್ತು.

ಏಜೆಂಟ ಬಂದಾಗ ಫೋನು ಮಾರಿದ ಹಣಕ್ಕೆ ನನ್ನ ಹಾಲಿನ ಹಣ ಸೇರಿಸಿ ಐದು ಸಾವಿರ ಕೊಟ್ಟೆವು. ಅವನು ಹೋಗುವಾಗ ಇನ್ನೊಮ್ಮೆ ಕೊಟ್ಟಿಗೆಯ ಕಡೆ ನೋಡಿದ. ಆ ದಿನ ನಾನು ಮರೆಗೆ ಹೋಗಲಿಲ್ಲ.

ನಿಮ್ಮ ಅಪ್ಪ ನಾಲ್ಕು ದಿನ ನನ್ನ ಕೂಡ ಮಾತಾಡಲಿಲ್ಲ. ಐದನೆಯ ದಿನ ಹೊಲದಿಂದ ಬಂದವನು ತಾನಾಗಿಯೇ ಹುರುಳಿಯ ಡಬ್ಬಿ ತೆಗೆದು ಪಡಸಾಲೆಯಲ್ಲಿ ಕುಳಿತ. ಒಂದು ಕಡೆ ಐದು ಕಾಳು ಇಟ್ಟ. ಇನ್ನೊಂದು ಕಡೆ ಮೂವತ್ತೈದು ಇಟ್ಟ, ಎರಡು ಸಲ ಎಣಿಸಿದ. ನಾನು ಒಲೆಯ ಮುಂದಿನಿಂದ ಏಳಲಿಲ್ಲ. ಕೊನೆಗೆ ಅಷ್ಟನ್ನೂ ಬೊಗಸೆಗೆ ಬಳಿದುಕೊಂಡು ಕೊಟ್ಟಿಗೆಗೆ ಹೋದ. ಎತ್ತು ಅವನ ಕೈಯಿಂದ ತಿನ್ನುವ ಸಪ್ಪಳ ಒಲೆಯ ತನಕ ಕೇಳಿಸಿತು.